ಬಿಟ್ಟುಹೋದ ಅರ್ಧ

ನಾನು ರಸಾಯನಶಾಸ್ತ್ರದವಳೆಂದು ಗೊತ್ತಾದ ಕೂಡಲೇ ಜನ ಏನಾದರೊಂದು ಕೇಳುತ್ತಾರೆ. ಕಲಬುರಗಿಯ ಕುಸನೂರಿನಲ್ಲಿ ನಮ್ಮ ಎದುರು ಮನೆಯಾಕೆ ಬಚ್ಚಲ ಟೈಲ್ಸಿನ ಕಲೆಗೆ ಯಾವ ಆ್ಯಸಿಡ್ ಹಾಕಬೇಕೆಂದು ಕೇಳಿದ್ದಾರೆ. ಕಮಲಾಪುರದಲ್ಲಿ ಬಾಳೆತೋಟ ಮಾಡುವ ನನ್ನ ಅಣ್ಣ, ದಿಂಡಿಗೆ ಹುಳ ಬಿದ್ದಾಗೆಲ್ಲ ಫೋನ್ ಮಾಡಿ "ಏನ್ ಹೊಡಿಬೇಕು ಹೇಳು" ಅನ್ನುತ್ತಾನೆ. ನನಗೆ ಎರಡೂ ಗೊತ್ತಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಸಂಶೋಧನೆ ಮಾಡಿದ ನಾನು ಎಂ.ಎಸ್ಸಿ. ಮುಗಿದ ಮೇಲೆ ಒಂದು ಪ್ರನಾಳ ಕೈಯಲ್ಲಿ ಹಿಡಿದವಳಲ್ಲ. ನನ್ನದು ಸೈದ್ಧಾಂತಿಕ ರಸಾಯನಶಾಸ್ತ್ರ. ಕಾಗದ, ಪೆನ್ಸಿಲ್, ಕಂಪ್ಯೂಟರ್, ಇಷ್ಟೇ ಸರಂಜಾಮು. "ಹಂಗಾರ ನೀ ಎದರ ಡಾಕ್ಟರ್?" ಎಂದು ಅಣ್ಣ ಒಮ್ಮೆ ಕೇಳಿದ. ಸಿಟ್ಟು ಬಂದು ಫೋನ್ ಇಟ್ಟುಬಿಟ್ಟೆ. ಮರುದಿನ ಅವನೇ ಬಸ್ಸಿನಲ್ಲಿ ಒಂದು ಗೊನೆ ಕೆಂಪು ಬಾಳೆಹಣ್ಣು ಕಳಿಸಿದ್ದ.

ಸಿಟ್ಟು ನನಗೆ ಬೇಗ ಬರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಬಂದಾಗ ಆಡಿದ ಮಾತು ಮಾತ್ರ ಎದುರಿಗಿದ್ದವರ ಹತ್ತಿರವೇ ಉಳಿದುಬಿಡುತ್ತದೆ. ಇದು ಗೊತ್ತಾಗಲು ನನಗೆ ನಿವೃತ್ತಿಯ ವಯಸ್ಸು ಬರಬೇಕಾಯಿತು.

ನನ್ನ ಕೆಲಸವನ್ನು ಸರಳವಾಗಿ ಹೇಳುತ್ತೇನೆ. ಎರಡು ಅಣುಗಳು ಹತ್ತಿರ ಬಂದಾಗ ಒಂದನ್ನೊಂದು ಸ್ವಲ್ಪ ಎಳೆಯುತ್ತವೆ. ಎಳೆತ ತೀರಾ ಸಣ್ಣದು, ಆದರೆ ಅದಿಲ್ಲದಿದ್ದರೆ ಯಾವುದೂ ಯಾವುದಕ್ಕೂ ಅಂಟಿ ನಿಲ್ಲುವುದಿಲ್ಲ. ಆ ಎಳೆತ ಎಷ್ಟೆಂದು ಅಳೆಯದೆ, ಬರೀ ಲೆಕ್ಕದಿಂದ ಹೇಳುವುದು ನನ್ನ ಕೆಲಸ. ವಿಶ್ವವಿದ್ಯಾಲಯಕ್ಕೆ ಸೇರಿದ ಹೊಸತರಲ್ಲಿ ಇದಕ್ಕೊಂದು ಚಿಕ್ಕ ಸೂತ್ರ ಕಂಡುಕೊಂಡೆ. ಆಗ ನಮ್ಮ ವಿಭಾಗದಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಮಧ್ಯಾಹ್ನ ಕರೆಂಟು ಹೋಗುವುದು ಖಾತ್ರಿ, ಹೋದರೆ ಬೆಳಗಿನಿಂದ ನಡೆದ ಲೆಕ್ಕವೆಲ್ಲ ಮಣ್ಣುಪಾಲು. ಹಾಗಾಗಿ ಲೆಕ್ಕವನ್ನು ತುಂಡುತುಂಡು ಮಾಡಿ, ಒಂದೊಂದು ತುಂಡು ಊಟದ ಹೊತ್ತಿಗೆ ಮುಗಿಯುವಂತೆ ಪ್ರೋಗ್ರಾಮ್ ಬರೆದಿದ್ದೆ. ಈ ಉಪಾಯವನ್ನು ಹೊರಗಿನವರು ಬಹಳ ಹೊಗಳಿದರು. ಅದರ ಹಿಂದಿನ ಬುದ್ಧಿ ನನ್ನದಲ್ಲ, ನಮ್ಮೂರ ಕರೆಂಟಿನದು ಎಂದು ನಾನು ಯಾರಿಗೂ ಹೇಳಲು ಹೋಗಲಿಲ್ಲ.

ಆ ಸೂತ್ರದ ಪ್ರಬಂಧ ಅಚ್ಚಾದ ಮೇಲೆ ಕಾಗದಗಳು ಬರತೊಡಗಿದವು. ನಾನು ನಕ್ಷೆಯಲ್ಲಿ ಹುಡುಕಬೇಕಾದ ಊರುಗಳಿಂದ ಜನ ಪ್ರೋಗ್ರಾಮ್ ಕಳಿಸಿ ಎಂದು ಬರೆದರು. ಮೊದಲು ಫ್ಲಾಪಿಯಲ್ಲಿ ಕಳಿಸಿದೆ, ಆಮೇಲೆ ಸೀಡಿಯಲ್ಲಿ, ಈಚೆಗೆ ಇಮೇಲಿನಲ್ಲಿ. ಔಷಧಿ ಮಾಡುವವರು ಬಳಸಿದರು, ಬಣ್ಣ ಮಾಡುವವರು ಬಳಸಿದರು. ನಮ್ಮ ಕಸುಬಿನಲ್ಲಿ ಒಬ್ಬರ ತೂಕವನ್ನು ಅಳೆಯುವುದು ಬೇರೆಯವರು ತಮ್ಮ ಪ್ರಬಂಧದ ಕೊನೆಯಲ್ಲಿ ಎಷ್ಟು ಸಲ ನಮ್ಮನ್ನು ನೆನೆದಿದ್ದಾರೆ ಎಂಬುದರಿಂದ. ನನ್ನನ್ನು ಚೆನ್ನಾಗಿಯೇ ನೆನೆದರು. ಎರಡು ಸಲ ವಿದೇಶಕ್ಕೆ ಹೋಗಿ ಬಂದೆ, ಉಳಿದ ದಿನವೆಲ್ಲ ಕಲಬುರಗಿಯ ಬಿಸಿಲಿನಲ್ಲೇ ಕಳೆದೆ. ನನಗೆ ಬೇಸರವೇ ಇರಲಿಲ್ಲ, ಈಗಲೂ ಇಲ್ಲ. ಬೆಳಗ್ಗೆ ಎದ್ದರೆ ಒಂದು ಲೆಕ್ಕ ಕಾಯುತ್ತಿರುತ್ತದೆ ಎಂಬುದು ದೊಡ್ಡ ಸುಖ.

ಪಾಠ ಹೇಳುವುದೂ ಇಷ್ಟವೇ. ಪ್ರತಿ ವರ್ಷ ದಸರೆ ಮುಗಿದ ಮೇಲಿನ ಮೊದಲ ತರಗತಿಯಲ್ಲಿ ಬನ್ನಿಯ ಉದಾಹರಣೆ ಕೊಡುತ್ತಿದ್ದೆ. ನಮ್ಮ ಕಡೆ ದಸರೆಯ ಸಂಜೆ ಭೇಟಿಯಾದವರೆಲ್ಲ ಬನ್ನಿ ಎಲೆ ಕೊಟ್ಟು ತಗೊಂಡು, ಬಂಗಾರದ ಹಾಗೆ ಇರೋಣ ಅನ್ನುತ್ತಾರೆ. ಒಂದು ಓಣಿಯಲ್ಲಿ ಹತ್ತು ಮಂದಿ ಇದ್ದಾರೆ, ಎಲ್ಲರೂ ಎಲ್ಲರಿಗೂ ಬನ್ನಿ ಕೊಟ್ಟರು. ಕೊಟ್ಟ ಎಲೆ ತೊಂಬತ್ತು. ಆದರೆ ಭೇಟಿ ಎಷ್ಟು? ನಲವತ್ತೈದು, ಯಾಕೆಂದರೆ ಒಂದೊಂದು ಭೇಟಿಯಲ್ಲಿ ಎರಡೆರಡು ಎಲೆ ಕೈ ಬದಲಾಗಿರುತ್ತವೆ. ಅಣುಗಳ ಎಳೆತವೂ ಹೀಗೇ. ಇದು ಅದನ್ನು ಎಳೆಯಿತು, ಅದು ಇದನ್ನು ಎಳೆಯಿತು ಎಂದು ಬೇರೆಬೇರೆ ಎಣಿಸಿದರೆ ಉತ್ತರ ಇಮ್ಮಡಿಯಾಗುತ್ತದೆ. ಸೂತ್ರದ ಮುಂದೆ ಒಂದು ಅರ್ಧ ಹಾಕಲೇಬೇಕು. "ಎಲೆ ಎಣಿಸಬೇಡಿ, ಭೇಟಿ ಎಣಿಸಿ" ಎಂದು ಬೋರ್ಡಿಗೆ ಚಾಕ್‌ಪೀಸ್ ಕುಟ್ಟಿ ಹೇಳುತ್ತಿದ್ದೆ. ಮರೆತವರನ್ನು ನಿಲ್ಲಿಸಿ ಬೈಯುತ್ತಿದ್ದೆ.

ಇನ್ನು ನನ್ನ ಗೆಳತಿಯ ಸುದ್ದಿ. ಕಮಲಾಪುರದ ಶಾಲೆಯಲ್ಲಿ ನಾವು ಒಂದೇ ಬೆಂಚು. ಕಲಬುರಗಿಗೆ ಕಾಲೇಜಿಗೆ ಬರುವಾಗ ಒಂದೇ ಬಸ್ಸು. ಅಲ್ಲಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಒಂದೇ ಅಂಗಡಿಯಿಂದ ಒಂದೇ ಬಣ್ಣದ ಸೀರೆ ತಗೊಂಡು, ಅಕ್ಕತಂಗಿಯರೇ ಎಂದು ಕೇಳಿಸಿಕೊಂಡವರು. ಎಂ.ಎಸ್ಸಿ. ಆದ ಮೇಲೆ ನಾನು ಲೆಕ್ಕಕ್ಕೆ ಬಿದ್ದೆ, ಅವಳು ಪ್ರಯೋಗಕ್ಕೆ ಬಿದ್ದಳು. ಅವಳ ಕೈ ಅಷ್ಟು ಚೊಕ್ಕ. ತಕ್ಕಡಿಯ ಮುಂದೆ ಕೂತರೆ ಉಸಿರು ಬಿಗಿಹಿಡಿದು ತೂಗುವವಳು.

ಪಿಎಚ್.ಡಿ.ಗೆ ಅವಳು ಆರಿಸಿಕೊಂಡದ್ದು ನಮ್ಮೂರ ಕೆಂಪು ಬಾಳೆಹಣ್ಣಿನ ಸಿಪ್ಪೆಯ ಬಣ್ಣ. ಆ ಬಣ್ಣದ ಅಣುಗಳು ಚಪ್ಪಟೆಯಾಗಿರುತ್ತವೆ. ಬುಟ್ಟಿಯಲ್ಲಿ ಜೋಳದ ರೊಟ್ಟಿ ಒಟ್ಟಿದಂತೆ ಒಂದರ ಮೇಲೊಂದು ಕೂರುತ್ತವೆ. ಬಿಸಿ ಮಾಡಿದರೆ ಬಿಡಿಸಿಕೊಳ್ಳುತ್ತವೆ, ಬಿಡಿಸಿಕೊಂಡಾಗ ಬಣ್ಣ ಸ್ವಲ್ಪ ಬದಲಾಗುತ್ತದೆ. ಆ ಬದಲಾವಣೆಯನ್ನು ಹಿಡಿದು, ರೊಟ್ಟಿಗೂ ರೊಟ್ಟಿಗೂ ನಡುವಿನ ಹಿಡಿತ ಎಷ್ಟೆಂದು ಅವಳು ಅಳೆದಳು. ಅವಳಿಗೆ ಬೇಕಾದದ್ದು ಸಿಪ್ಪೆ ಮಾತ್ರ. ಹಾಗಾಗಿ ಎರಡು ವರ್ಷ ನಮ್ಮ ವಿಭಾಗದ ಪ್ರತಿಯೊಬ್ಬರೂ, ಮುಖ್ಯಸ್ಥರಿಂದ ಹಿಡಿದು ಜವಾನರವರೆಗೆ, ಪುಕ್ಕಟೆ ಬಾಳೆಹಣ್ಣು ತಿಂದೆವು. ಸಿಪ್ಪೆ ಎಸೆದರೆ ಮಾತ್ರ ಅವಳ ಕಣ್ಣು ಕೆಂಪಾಗುತ್ತಿತ್ತು.

ಒಂದು ದಿನ ಅವಳು ನನ್ನ ಕೋಣೆಗೆ ಬಂದಳು. ಕೈಯಲ್ಲಿ ನನ್ನ ಹೊಸ ಪ್ರಬಂಧ. ಕಂಪ್ಯೂಟರಿನಲ್ಲಿ ಪಾಳಿ ಸಿಗದೆ, ಅಚ್ಚಾದ ಸೂತ್ರ ನೋಡಿಕೊಂಡು ಕ್ಯಾಲ್ಕ್ಯುಲೇಟರಿನಲ್ಲಿ ವಾರಗಟ್ಟಲೆ ಕೂತು ತನ್ನ ಅಣುವಿಗೆ ಲೆಕ್ಕ ಮಾಡಿದ್ದಳು.

"ನಿನ್ನ ಸೂತ್ರ ಹೇಳೂದಕ್ಕಿಂತ ನನ್ನ ಅಳತಿ ಅರ್ಧಕ್ಕರ್ಧ ಕಡಿಮಿ ಬರಾಕತ್ತದ," ಎಂದಳು. "ಒಂದ್ ಸಲ ನಿನ್ನ ಪ್ರೋಗ್ರಾಮಿನಾಗ ಹಾಕಿ ನೋಡ್ತಿಯೇನು?"

ಅವಳ ಅಣು ದೊಡ್ಡದು. ಹಾಕಿದರೆ ಎಂಟು ದಿನ ಮಶೀನು ಅದಕ್ಕೇ ಹೋಗುತ್ತಿತ್ತು. ನನಗೋ ಆಗ ಕಾಲು ನೆಲದ ಮೇಲಿರಲಿಲ್ಲ. "ನನ್ನ ಪ್ರೋಗ್ರಾಮ್ ಎಷ್ಟೋ ಅಣುಗಳಿಗೆ ಸರಿ ಉತ್ತರ ಕೊಟ್ಟದ. ನಿನ್ನ ಅಳತಿಯೊಳಗೇ ಏನೋ ತಪ್ಪದ. ಮತ್ತ ಅಳಿ ಹೋಗು," ಎಂದೆ. ಅವಳು ಮತ್ತೆ ಅಳೆದಳು. ಮತ್ತೆ ಬಂದಳು. ಎರಡನೇ ಸಲ ನಾನು ಸಿಡುಕಿದೆ. "ಉಪಕರಣ ಸುದ್ದ ಇಟ್ಕೊಳ್ಳಾಕ ಬರಂಗಿಲ್ಲ, ಸೂತ್ರದ ಮ್ಯಾಲ ಹಾಕ್ತೀಯಲ್ಲ" ಎಂಬ ಮಾತು ಬಾಯಿಂದ ಬಂತು. ಅವಳು ಮೂರನೇ ಸಲ ಬರಲಿಲ್ಲ. ಅಚ್ಚಾದದ್ದನ್ನೇ ನಂಬಿದ ಅವಳ ಮಾರ್ಗದರ್ಶಕರು ಆ ಅಧ್ಯಾಯ ತೆಗೆದುಹಾಕಿಸಿದರು. ಉಳಿದದ್ದಕ್ಕೆ ಪದವಿ ಬಂತು. ಅವಳು ಕಮಲಾಪುರದ ಪಿಯು ಕಾಲೇಜಿಗೆ ಉಪನ್ಯಾಸಕಿಯಾಗಿ ಹೋದಳು, ಸಂಶೋಧನೆಯ ಕಡೆ ಮತ್ತೆ ತಲೆ ಹಾಕಲಿಲ್ಲ. ನಮ್ಮ ಗೆಳೆತನ ಮಾತ್ರ ಹಾಗೇ ಇತ್ತು. ಮದುವೆ, ಬಾಣಂತನ, ಮನೆ ಕಟ್ಟಿದ್ದು, ಎಲ್ಲಕ್ಕೂ ಹೋಗಿ ಬಂದೆವು. ಆ ಅಧ್ಯಾಯದ ಮಾತು ಇಬ್ಬರೂ ಎತ್ತಲಿಲ್ಲ.

ಹೋದ ವರ್ಷ, ನನ್ನ ನಿವೃತ್ತಿಗೆ ಎರಡು ತಿಂಗಳಿರುವಾಗ, ನನ್ನ ಕೊನೆಯ ಪಿಎಚ್.ಡಿ. ವಿದ್ಯಾರ್ಥಿನಿ ಬಂದು ಎದುರಿಗೆ ನಿಂತಳು. ಕಲಬುರಗಿಯ ರೋಜಾ ಬಡಾವಣೆಯ ಹುಡುಗಿ. ಅವಳ ತಂದೆಗೆ ದರ್ಗಾದ ಹತ್ತಿರ ಹೂವಿನ ಅಂಗಡಿ. ಮನೆಯಲ್ಲಿ ದಖ್ಖನಿ, ನನ್ನ ಜೊತೆ ಕನ್ನಡ, ಕಂಪ್ಯೂಟರಿನ ಜೊತೆ ಇವೆರಡೂ ಸೇರಿದ ಬೈಗುಳ. ನನ್ನ ಹಳೆಯ ಪ್ರೋಗ್ರಾಮ್ ಹೊಸ ಮಶೀನುಗಳಲ್ಲಿ ಓಡುತ್ತಿರಲಿಲ್ಲವಾದ್ದರಿಂದ, ಪ್ರಬಂಧ ನೋಡಿ ಹೊಸದಾಗಿ ಬರೆ ಎಂದು ಅವಳಿಗೆ ಹೇಳಿದ್ದೆ.

"ಮ್ಯಾಡಂ, ನಿಮ್ಮ ಹಳೇ ಉತ್ತರಕ್ಕಿಂತ ಎಲ್ಲಾ ಡಬಲ್ ಬರಾಕತ್ತಾವ್ರೀ. ನಾಕು ತಿಂಗಳಾತು, ನನ್ನ ತಪ್ಪು ಎಲ್ಲದ ಅಂತ ಸಿಗವಲ್ದು."

ನನಗೆ ರೇಗಿತು. "ಎಲಿ ಎಣಿಸಿರ್ತಿ, ಭೇಟಿ ಎಣಿಸಿರಂಗಿಲ್ಲ. ಇಷ್ಟು ತಿಳಿಯಂಗಿಲ್ಲ ಅಂದ್ರ ಥೀಸಿಸ್ ಹ್ಯಾಂಗ ಬರಿತಿ ನೀ?"

ಹುಡುಗಿಯ ಕಣ್ಣು ತುಂಬಿತು. ಆದರೆ ಜಾಗ ಬಿಟ್ಟು ಕದಲಲಿಲ್ಲ. ನನ್ನ ಪ್ರಬಂಧದ ಪ್ರತಿಯನ್ನು ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿಟ್ಟಳು. "ಹಂಗ ಅನಕೊಂಡೇ ಇಷ್ಟು ದಿನ ಹುಡಕೀನಿ ರೀ ಮ್ಯಾಡಂ. ನಾ ಏನೂ ಸೇರಸಿಲ್ಲ, ಏನೂ ಬಿಟ್ಟಿಲ್ಲ. ನಿಮ್ಮ ಸೂತ್ರ ಹ್ಯಾಂಗದ ಹಂಗೇ ಬರದೀನಿ."

ನೋಡಿದೆ. ಸೂತ್ರದ ಮುಂದೆ ಅರ್ಧ ಇರಲಿಲ್ಲ.

ಪ್ರೋಗ್ರಾಮಿನಲ್ಲಿ ಇತ್ತು, ಹಳೆಯ ಕಡತ ತೆಗೆದು ನೋಡಿದೆ. ಪ್ರಬಂಧದಲ್ಲಿ ಇರಲಿಲ್ಲ. ಆ ಕಾಲದಲ್ಲಿ ಟೈಪ್ ಮಾಡುವವರು ಸೂತ್ರಗಳಿಗೆ ಜಾಗ ಖಾಲಿ ಬಿಡುತ್ತಿದ್ದರು, ಆಮೇಲೆ ನಾವು ಕಪ್ಪು ಶಾಯಿಯಲ್ಲಿ ಕೈಯಿಂದ ತುಂಬುತ್ತಿದ್ದೆವು. ತುಂಬಿದವಳು ನಾನೇ. ಅಚ್ಚಿಗೆ ಹೋಗುವ ಮುಂಚಿನ ಕರಡು ತಿದ್ದಿದವಳೂ ನಾನೇ. ತಲೆಯಲ್ಲಿ ಇದ್ದ ಅರ್ಧವನ್ನು ಕಣ್ಣು ಕಾಗದದ ಮೇಲೂ ಕಂಡುಕೊಂಡಿರಬೇಕು. ಪ್ರೋಗ್ರಾಮ್ ತರಿಸಿಕೊಂಡವರಿಗೆಲ್ಲ ಸರಿ ಉತ್ತರ ಬಂತು. ಬರೀ ಪ್ರಬಂಧ ನಂಬಿದವರಿಗೆ ಇಮ್ಮಡಿ ಬಂತು. ಅವರಲ್ಲಿ ಎಷ್ಟು ಜನ ತಾವೇ ತಪ್ಪಿದೆವೆಂದು ಸುಮ್ಮನಾದರೋ ನನಗೆ ಗೊತ್ತಿಲ್ಲ. ಒಬ್ಬಳು ಮಾತ್ರ ಚೆನ್ನಾಗಿ ಗೊತ್ತು.

"ತಪ್ಪು ನಂದೇ ಅದವ್ವಾ. ಬೈದಿದ್ದಕ್ಕ ತಪ್ಪಾತು," ಎಂದೆ ಹುಡುಗಿಗೆ. ಅವಳಿಗೆ ನನ್ನ ಕ್ಷಮೆಯ ಕಡೆ ಗಮನವೇ ಇರಲಿಲ್ಲ. "ಅಂದ್ರ ನನ್ನ ಪ್ರೋಗ್ರಾಮ್ ಸರಿ ಅದ ಏನ್ರೀ?" ಎಂದು ಮುಖ ಒರೆಸಿಕೊಂಡು ನಕ್ಕುಬಿಟ್ಟಳು. ಇಬ್ಬರೂ ಕ್ಯಾಂಟೀನಿಗೆ ಹೋಗಿ ಚಹಾ ಕುಡಿದೆವು.

ಮುಂದಿನ ತಿಂಗಳು ನನ್ನ ನಿವೃತ್ತಿಗೆಂದು ಆ ಸೂತ್ರದ ಮೇಲೇ ವಿಭಾಗದವರು ಒಂದು ದಿನದ ವಿಚಾರ ಸಂಕಿರಣ ಇಟ್ಟುಕೊಂಡಿದ್ದರು. ತಪ್ಪಿನ ಸುದ್ದಿ ಹೇಳಿದಾಗ ಸಹೋದ್ಯೋಗಿಯೊಬ್ಬರು, "ಇಷ್ಟ್ ವರ್ಷ ಯಾರೂ ಕೇಳಿಲ್ಲ, ಈಗ ಯಾಕ ಕೆದರ್ತೀರಿ? ಸತ್ಕಾರ ಮುಗೀಲಿ, ಆಮ್ಯಾಲ ಬರೀರಿ" ಎಂದರು. ಅವರ ಮಾತು ನನಗೆ ಹಿತವಾಗಿಯೇ ಕೇಳಿಸಿತು. ಎರಡು ದಿನ ಪೂರ್ತಿ ಹಾಗೇ ಮಾಡೋಣವೆಂದುಕೊಂಡಿದ್ದೆ. ಮೂರನೇ ದಿನ ವಿದ್ಯಾರ್ಥಿನಿಯ ಹೊಸ ಪ್ರೋಗ್ರಾಮಿನಲ್ಲಿ ಅರ್ಧ ಸೇರಿಸಿ, ಗೆಳತಿಯ ಬಾಳೆಸಿಪ್ಪೆಯ ಅಣುವನ್ನು ಹಾಕಿದೆ. ಅಂದು ಎಂಟು ದಿನ ಬೇಡುತ್ತಿದ್ದ ಲೆಕ್ಕ ಈಗ ಊಟ ಮಾಡಿ ಬರುವಷ್ಟರಲ್ಲಿ ಮುಗಿದಿತ್ತು. ಹದಿನಾಲ್ಕು ಪಾಯಿಂಟ್ ಆರು.

ಅವಳ ಸಂಖ್ಯೆ ನನಗೆ ನೆನಪಿರಲಿಲ್ಲ. ನೆನಪಿದ್ದದ್ದು "ಅರ್ಧಕ್ಕರ್ಧ" ಎಂಬ ಮಾತು. ಉತ್ತರ ಸರಿಯಾಗಿ ಅರ್ಧದಷ್ಟು ತಪ್ಪಿದೆ ಎಂದು ಯಾರಾದರೂ ಹೇಳಿದರೆ ನಮ್ಮ ಕಸುಬಿನವರು ಮೊದಲು ನೋಡಬೇಕಾದದ್ದೇ ಸೂತ್ರದ ಮುಂದಿನ ಆ ಅರ್ಧ. ಮಕ್ಕಳಿಗೆ ಬೋರ್ಡು ಕುಟ್ಟಿ ಹೇಳುತ್ತಿದ್ದ ನಾನು ಅವಳು ಬಂದು ಹೇಳಿದಾಗ ಕೇಳಿಸಿಕೊಳ್ಳಲಿಲ್ಲ. ಪತ್ರಿಕೆಗೆ ತಿದ್ದುಪಡಿ ಬರೆಯುವುದು ನಾಲ್ಕು ಸಾಲಿನ ಕೆಲಸ. ಅವಳಿಗೆ ಹೇಳುವುದು ಹೇಗೆ? ಹೇಳಿದ ಮೇಲೆ ಅವಳು ನನ್ನ ಮುಖ ನೋಡದಿದ್ದರೆ, ಈ ವಯಸ್ಸಿನಲ್ಲಿ ನಾನು ಅಂಥ ಗೆಳತಿಯನ್ನು ಎಲ್ಲಿಂದ ತರಲಿ?

ಭಾನುವಾರ ಬೆಳಗ್ಗೆ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಅಣ್ಣನ ಮನೆಗೂ ಹೋಗದೆ ನೇರ ಅವಳ ಮನೆಗೆ. ನಿವೃತ್ತಿಯಾದ ಮೇಲೂ ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅವಳು ಅಂಗಳದಲ್ಲಿ ಕೂತು ಪರೀಕ್ಷೆಯ ಪೇಪರ್ ತಿದ್ದುತ್ತಿದ್ದಳು. "ಏನ್ ಬೇ, ಫೋನಿಲ್ಲ ಗೀನಿಲ್ಲ?" ಎಂದು ಎದ್ದು ಬಂದಳು. ನೀರು ಕೊಟ್ಟಳು. ನೀರು ಕುಡಿಯುವ ಮೊದಲೇ ಹೇಳಿಬಿಟ್ಟೆ. ಸೂತ್ರದಲ್ಲಿ ಅರ್ಧ ಬಿಟ್ಟುಹೋಗಿತ್ತು, ಬಿಟ್ಟವಳು ನಾನು, ಈಗ ಲೆಕ್ಕ ಮಾಡಿದರೆ ಹದಿನಾಲ್ಕು ಪಾಯಿಂಟ್ ಆರು ಬರುತ್ತದೆ, ನಿನ್ನದು ಎಷ್ಟಿತ್ತು ನೆನಪಿದೆಯೇ ಎಂದು.

ಅವಳು ಪೇಪರಿನ ಕಟ್ಟು ಕೆಳಗಿಟ್ಟಳು.

"ಹದಿನಾಲ್ಕು ಪಾಯಿಂಟ್ ಮೂರು," ಎಂದಳು.

ಯೋಚಿಸಲು ಒಂದು ಗಳಿಗೆಯನ್ನೂ ತಗೊಳ್ಳಲಿಲ್ಲ. ಮಕ್ಕಳ ಹುಟ್ಟಿದ ದಿನ ಹೇಳುವಂತೆ ಹೇಳಿದಳು. ಪ್ರಯೋಗದ ಪುಸ್ತಕಗಳೆಲ್ಲ ಮನೆ ಬದಲಿಸುವಾಗ ರದ್ದಿಗೆ ಹೋಗಿದ್ದವು, ಸಂಖ್ಯೆ ಹೋಗಿರಲಿಲ್ಲ. ಬೈಯಲಿ, ಅಳಲಿ ಎಂದು ಕಾದೆ.

"ಹನ್ನೊಂದು ಸಲ ಅಳದಿದ್ದೆ ನಾ," ಎಂದಳು ಕೊನೆಗೆ. "ನೀ ಒಂದ್ ಸಲಾನೂ ಲೆಕ್ಕ ಹಾಕಿ ನೋಡ್ಲಿಲ್ಲ."

"ಹೌದು, ನೋಡ್ಲಿಲ್ಲ," ಎಂದೆ. ಬೇರೆ ಏನು ಹೇಳಿದರೂ ಸಬೂಬಾಗುತ್ತಿತ್ತು.

"ಸೂತ್ರ ತಪ್ಪಾಗೂದು ಇರ್ತದ. ಅದಕ್ಕ ನನಗ ಸಿಟ್ಟಿಲ್ಲ. ಉಪಕರಣ ಸುದ್ದ ಇಟ್ಕೊಳ್ಳಾಕ ಬರಂಗಿಲ್ಲ ಅಂದಿ ನೋಡು, ಅದು ಇನ್ನಾ ಇಲ್ಲೇ ಅದ." ಎದೆಯ ಮೇಲೆ ಕೈ ಇಟ್ಟುಕೊಂಡು ತೋರಿಸಿದಳು. ಆಮೇಲೆ ಇನ್ನೊಂದು ವಿಷಯ ಹೇಳಿದಳು. ಪ್ರತಿ ವರ್ಷ ಪಿಯುಸಿ ಮಕ್ಕಳಿಗೆ ಅಳತೆಯ ಪಾಠ ಮಾಡುವಾಗ ತನ್ನ ಕಥೆಯನ್ನೇ ಉದಾಹರಣೆಯಾಗಿ ಕೊಡುತ್ತಾಳಂತೆ. ನಾನೊಮ್ಮೆ ಬಾಳೆಹಣ್ಣಿನ ಬಣ್ಣ ಅಳೆದೆ, ಎಷ್ಟು ಎಚ್ಚರದಿಂದ ಅಳೆದರೂ ತಪ್ಪು ಬಂತು, ಆದ್ದರಿಂದ ಉಪಕರಣವನ್ನು ಎಂದೂ ಪೂರಾ ನಂಬಬೇಡಿ, ಎಂದು. "ಸ್ವಂತ ತಪ್ಪು ಹೇಳಿದ್ರ ಮಕ್ಕಳಿಗೆ ನಾಟತದ ಅಂತ ಹೇಳ್ತಿದ್ದೆ. ಇಷ್ಟ್ ವರ್ಷ ಸುಳ್ಳು ಹೇಳಿದಂಗಾತಲ್ಲ ನಾ."

ಇದನ್ನು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಅವಳು ಅಳಲಿಲ್ಲ. ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದಳು. "ಅತ್ತು ಮುಗೀತೇನು? ತಿದ್ದುಪಡಿ ಬರಿ, ಅದು ನಿನ್ನ ಕೆಲಸ. ನನಗ ಬೇಕಾದ್ದು ಬ್ಯಾರೆ ಅದ. ನನ್ನ ಕ್ಲಾಸಿಗೆ ಬಾ. ಮಕ್ಕಳ ಮುಂದ ನಿಂತು ಹೇಳು."

ಸೋಮವಾರ ತಿದ್ದುಪಡಿ ಕಳಿಸಿದೆ. ತಪ್ಪನ್ನು ಹಿಡಿದುಕೊಟ್ಟವಳು ನನ್ನ ವಿದ್ಯಾರ್ಥಿನಿಯೆಂದು ಅವಳ ಹೆಸರು ಹಾಕಿಯೇ ಬರೆದೆ. ವಿಚಾರ ಸಂಕಿರಣದಲ್ಲಿ ಮೊದಲ ಸ್ಲೈಡೇ ಆ ತಿದ್ದುಪಡಿ. ಜನ ಚಪ್ಪಾಳೆ ತಟ್ಟಿದರು, ದೊಡ್ಡ ಮನಸ್ಸು ಎಂದರು, ಶಾಲು ಹೊದಿಸಿದರು. ಅಷ್ಟು ಸುಲಭವಾಗಿ ಮುಗಿದುಹೋಯಿತು. ಶಾಲು ಹೊದ್ದು ಕೂತಾಗ ನನಗೆ ಕಮಲಾಪುರದ ಆ ತರಗತಿಯದೇ ಚಿಂತೆ.

ಮುಂದಿನ ಶನಿವಾರ ಹೋದೆ. ಅರವತ್ತು ಮಕ್ಕಳ ತರಗತಿ. ಅವಳು ನನ್ನನ್ನು "ಇವ್ರು ನನ್ನ ಗೆಳತಿ, ಒಂದು ಮಾತು ಹೇಳಾಕ ಬಂದಾರ" ಎಂದಷ್ಟೇ ಪರಿಚಯಿಸಿ ಕಿಟಕಿಯ ಹತ್ತಿರ ಹೋಗಿ ನಿಂತಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ನಿಮ್ಮ ಮ್ಯಾಡಂ ಅಳದದ್ದು ಸರಿ ಇತ್ತು. ನಾ ಅಚ್ಚು ಹಾಕಿಸಿದ್ದು ತಪ್ಪಿತ್ತು. ಅವ್ರು ನನ್ನ ಹಂತೇಕ ಎರಡು ಸಲ ಬಂದು ಹೇಳಿದ್ರು, ನಾ ಕೇಳಲಿಲ್ಲ."

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮ್ಯಾಡಂ, ನೀವು ಆಗ ಯಾಕ ಲೆಕ್ಕ ಮಾಡಿ ನೋಡ್ಲಿಲ್ಲ ರೀ?"

"ಸೊಕ್ಕು ಬಂದಿತ್ತವ್ವಾ," ಎಂದೆ.

ತರಗತಿ ಗೊಳ್ಳೆಂದು ನಕ್ಕಿತು. ಕಿಟಕಿಯ ಹತ್ತಿರ ನಿಂತವಳೂ ನಕ್ಕಳು. ಆ ನಗು ನೋಡಿ ನನ್ನ ಜೀವ ಹಗುರಾಯಿತು. ಬೋರ್ಡಿನ ಮೇಲೆ ದೊಡ್ಡದಾಗಿ ಹದಿನಾಲ್ಕು ಪಾಯಿಂಟ್ ಮೂರು ಎಂದು ಅಂಕಿಯಲ್ಲಿ ಬರೆದೆ.

ಅವಳು ನಡೆದು ಬಂದು ನನ್ನ ಕೈಯಿಂದ ಚಾಕ್‌ಪೀಸ್ ತಗೊಂಡಳು. ನನ್ನ ಅಂಕಿಯ ಬಲಕ್ಕೆ ಕೂಡುವ ಚಿಹ್ನೆ, ಅದರ ಕೆಳಗೆ ಕಳೆಯುವ ಚಿಹ್ನೆ, ಆಮೇಲೆ ಸೊನ್ನೆ ಪಾಯಿಂಟ್ ಎರಡು ಎಂದು ಬರೆದಳು. ಅಳತೆ ಇಷ್ಟರೊಳಗೆ ಹೆಚ್ಚುಕಡಿಮೆ ಇರಬಹುದು ಎಂದು ಪ್ರಯೋಗದವರು ತಪ್ಪದೆ ಬರೆಯುವ ಅಂಕಿ ಅದು. ಅದನ್ನೂ ಅವಳು ಮರೆತಿರಲಿಲ್ಲ.

"ಇದು ಬಿಟ್ರ ಅಳತಿ ಅನ್ನಂಗಿಲ್ಲ," ಎಂದು ನನಗೆ ಹೇಳಿ, ತರಗತಿಯ ಕಡೆ ತಿರುಗಿದಳು. "ಇದು ನನ್ನ ಅಳತಿ. ಬರಕೋರಿ ಎಲ್ಲಾರೂ."

ಅರವತ್ತು ನೋಟುಪುಸ್ತಕಗಳು ತೆರೆದವು. ಹಿಂದಿನ ಬೆಂಚಿನವರಿಗೆ ಕಾಣಲಿ ಎಂದು ನಾನು ಬೋರ್ಡು ಬಿಟ್ಟು ಪಕ್ಕಕ್ಕೆ ಸರಿದು ನಿಂತೆ.